‘ಬಾಕಿ ಕೆಲಸ ಇಲ್ಲ’ ಎಂದು ಬರೆದ ಕೈಪಿಡಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃದ್ಧರ ಆರೈಕೆ ಮನೆಯ ಹಿಂಬಾಗಿಲಲ್ಲಿ, ಚಪ್ಪಲಿ ಗೂಡಿನ ಪಕ್ಕದ ಮರದ ಬೆಂಚಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ಮಡಿಲಲ್ಲಿ ಆಫೀಸಿನ ಚೀಲ, ಪಕ್ಕದಲ್ಲಿ ಚಹಾದ ಫ್ಲಾಸ್ಕು. ಒಳಗಿನಿಂದ ಫಿನಾಯಿಲ್ ವಾಸನೆಯೂ ಯಾರದೋ ಕೆಮ್ಮೂ ಬರುತ್ತಿವೆ. ರಾತ್ರಿ ಪಾಳಿ ಮುಗಿಸಿದ ಆಯಾಗಳು ಒಬ್ಬೊಬ್ಬರಾಗಿ ಬಂದು ಗೋಡೆಯ ಮೇಲಿನ ಪರದೆಯ ಮುಂದೆ ನಿಂತು ತಮ್ಮ ತಮ್ಮ ಕೋಣೆಗಳ ಸಮಾಚಾರ ಒಪ್ಪಿಸುತ್ತಾರೆ. ಮೂರನೇ ಕೋಣೆಯ ಅಜ್ಜ ರಾತ್ರಿಯೆಲ್ಲಾ ಕೆಮ್ಮಿದರು. ನಾಲ್ಕನೇ ಕೋಣೆಯ ಹೊದಿಕೆ ಬದಲಾಯಿಸಬೇಕು. ಐದನೇ ಕೋಣೆಯ ಅಮ್ಮ ಮಗನನ್ನು ಕೇಳುತ್ತಿದ್ದರು. ಆಯಾಗಳು ಹೇಳಿದ್ದೆಲ್ಲ ಅಲ್ಲೇ ಅಕ್ಷರವಾಗಿ ಟಿಪ್ಪಣಿಯಲ್ಲಿ ಸೇರಿಕೊಳ್ಳುತ್ತದೆ. ಬೆಂಚಿನ ಮೇಲಿರುವವರು ತುಟಿ ಆಡಿಸುತ್ತಾ ಒಂದೊಂದನ್ನೂ ತಮ್ಮಷ್ಟಕ್ಕೆ ಮತ್ತೆ ಹೇಳಿಕೊಳ್ಳುತ್ತಾರೆ.

ಹಗಲು ಪಾಳಿಯವರು ಬರುವ ಹೊತ್ತಿಗೆ ಟಿಪ್ಪಣಿ ಮರೆಯಾಗಿ ಪರದೆಯ ಮೇಲೆ ಕೆಲಸಗಳ ಪಟ್ಟಿ ನಿಂತಿರುತ್ತದೆ. ನಾಲ್ಕನೇ ಕೋಣೆಯ ಎದುರು ‘ಹೊದಿಕೆ ಬದಲಾಯಿಸಿ’ ಎಂದಿದೆ. ಮೂರರ ಎದುರೂ ಐದರ ಎದುರೂ ತಿಳಿ ಹಸಿರು ಅಕ್ಷರದಲ್ಲಿ ‘ಬಾಕಿ ಕೆಲಸ ಇಲ್ಲ’ ಎಂದಿದೆ. ಬೆಂಚಿನ ಮೇಲಿದ್ದವರು ಆಗ ಎದ್ದು ಹೋಗಿ, ಏಪ್ರನ್ ಕಟ್ಟಿಕೊಳ್ಳುತ್ತಿರುವ ಆಯಾಳ ತೋಳು ಮುಟ್ಟುತ್ತಾರೆ. “ಮೂರನೇ ಕೋಣೆ ಅಜ್ಜನಿಗೆ ಕೆಮ್ಮಂತಮ್ಮ, ಡಾಕ್ಟರಿಗೆ ಒಂದು ಮಾತು ಹೇಳು. ಐದನೇ ಕೋಣೆ ಅಮ್ಮನ ಮಗನಿಗೆ ಫೋನ್ ಮಾಡಿಸು.” ಆಯಾ ತಲೆಯಾಡಿಸಿ ಒಳಗೆ ಹೋಗುತ್ತಾಳೆ. ಇವರು ಮತ್ತೆ ಬೆಂಚಿಗೆ ಬಂದು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು ಕೂರುತ್ತಾರೆ.

ಇವರು ಇಲ್ಲಿನ ನರ್ಸ್ ಅಲ್ಲ, ಯಾವ ಕೋಣೆಯವರಿಗೂ ಬಂಧುವಲ್ಲ, ಈ ಕೆಲಸಕ್ಕೆ ಇವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಸಮಾಜಸೇವೆಯ ಹುಮ್ಮಸ್ಸಿನವರು ಇರಬೇಕು ಎಂದು ನಾನು ಮೊದಲು ಅಂದುಕೊಂಡೆ. ನಿಜ ಹೇಳಬೇಕೆಂದರೆ ಈ ಅಂಕಣಕ್ಕಾಗಿ ನಾನು ಹುಡುಕಿಕೊಂಡು ಹೋದದ್ದು ಆಯಾಗಳನ್ನು. ನೀವು ಯಾರು ಎಂದು ಇವರನ್ನು ಕೇಳಿದಾಗ ಪರದೆಯ ಕಡೆ ಕೈ ತೋರಿಸಿ, “ಆ ಹಸಿರು ಅಕ್ಷರ ಇದೆಯಲ್ಲ, ಅದನ್ನ ಬರೆದೋಳು ನಾನು” ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಆಫೀಸಿನಲ್ಲಿ ಇವರನ್ನು ಎಲ್ಲರೂ ಕೈಪಿಡಿ ಅಕ್ಕ ಎನ್ನುತ್ತಾರೆ. ತಂತ್ರಾಂಶ ತಯಾರಿಸುವ ಒಂದು ಕಂಪನಿಯಲ್ಲಿ ಇವರದು ವಿವರಣೆ ಬರೆಯುವ ಕೆಲಸ. ಆ ವಿವರಣೆಯನ್ನು ಓದುವುದು ಮನುಷ್ಯರಲ್ಲ, ಯಂತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ಎಲ್ಲಾ ಕಡೆ ಕೆಲಸಕ್ಕೆ ನಿಂತಿರುವ ಎಐ ಏಜೆಂಟ್ ಎಂಬುದಿದೆಯಲ್ಲ, ಅದಕ್ಕೆ ಬಾಯಿ ಜೋರು, ಕೈ ಇಲ್ಲ. ಟಿಪ್ಪಣಿ ತೆರೆಯಲು ಒಂದು ಟೂಲ್, ಅದರೊಳಗಿನ ಕೆಲಸಗಳನ್ನು ಹೆಕ್ಕಲು ಇನ್ನೊಂದು ಟೂಲ್, ಹೀಗೆ ಸಣ್ಣ ಸಣ್ಣ ತಂತ್ರಾಂಶಗಳನ್ನು ಅದರ ಸುಪರ್ದಿಗೆ ಕೊಟ್ಟಿರುತ್ತಾರೆ. ಯಾವ ಟೂಲ್ ಏನು ಮಾಡುತ್ತದೆ, ಅದನ್ನು ಯಾವಾಗ ಬಳಸಬೇಕು, ಅದು ಕೊಟ್ಟ ಉತ್ತರವನ್ನು ಹೇಗೆ ತಿಳಿದುಕೊಳ್ಳಬೇಕು ಎಂದು ಪ್ರತಿಯೊಂದಕ್ಕೂ ಒಂದು ವಿವರಣೆ ಬೇಕು. ಏಜೆಂಟ್ ಅದನ್ನು ಓದಿ ಅದರಂತೆ ನಡೆಯುತ್ತದೆ. ಬೇರೆಯವರ ಅಡುಗೆಮನೆಗೆ ಹೊಕ್ಕವರಿಗೆ ಡಬ್ಬದ ಮೇಲೆ ಅಂಟಿಸಿದ ಚೀಟಿಯೇ ಗತಿಯಲ್ಲವೇ, ಹಾಗೆ. ಆ ಚೀಟಿ ಬರೆಯುವವರು ಕೈಪಿಡಿ ಅಕ್ಕ.

ವಾರದ ಪುರವಣಿಗೆ ಅಂಕಿ ಅಂಶ ಬೇಕೇ ಬೇಕು, ಇಲ್ಲದಿದ್ದರೆ ಸಂಪಾದಕರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಹಾಗಾಗಿ ದಿನಕ್ಕೆ ಎಷ್ಟು ಬರೆಯುತ್ತೀರಿ ಎಂದು ಕೇಳಿದೆ. ಒಳ್ಳೆಯ ದಿನವಾದರೆ ನಾಲ್ಕು ಸಾಲು ಎಂದರು. ನಾನು ಬರೆದದ್ದನ್ನು ಬೆಳಿಗ್ಗೆ ಓದಿ ಮಧ್ಯಾಹ್ನ ಬಜ್ಜಿ ಕಟ್ಟಲು ಬಳಸುವ ಜನರನ್ನು ನೋಡಿರುವ ನನಗೆ ಅದೇನು ದೊಡ್ಡದಲ್ಲ ಎನ್ನಿಸಿತು. ಆದರೆ ಇವರ ಆ ನಾಲ್ಕು ಸಾಲನ್ನು ಹತ್ತಾರು ಆರೈಕೆ ಮನೆಗಳಲ್ಲಿ ಏಜೆಂಟುಗಳು ಪ್ರತಿ ಪಾಳಿಯಲ್ಲೂ, ಪ್ರತಿ ಕೋಣೆಗೂ ಹೊಸದಾಗಿ ಓದುತ್ತವೆ. ಲೆಕ್ಕ ಇಟ್ಟವರಿಲ್ಲ. ನಾವು ಮಾತಾಡುತ್ತಾ ಕೂತಿದ್ದಾಗಲೂ ಎಲ್ಲೋ ಒಂದು ಕಡೆ ಅದನ್ನು ಓದಿ ಮುಗಿಸಿರುತ್ತವೆ ಎಂದು ಹೇಳಿ, ಅವರು ಚಹಾದ ಮುಚ್ಚಳವನ್ನು ಕೆಳಗಿಟ್ಟರು.

ಇವರ ತಂದೆ ನೀರೆತ್ತುವ ಪಂಪು ರಿಪೇರಿ ಮಾಡುತ್ತಿದ್ದವರು. ಮಗಳು ಓದು ಮುಗಿಸಿ ಸೇರಿದ್ದೂ ಪಂಪಿನ ಕಾರ್ಖಾನೆಗೇ, ಪಂಪಿನ ಜೊತೆ ಕೊಡುವ ಕೈಪಿಡಿ ಬರೆಯಲು. ಅಲ್ಲಿದ್ದಾಗ ರಜಾದಿನಗಳಲ್ಲಿ ಗಿರಾಕಿಗಳ ಮನೆಗೆ ಹೋಗಿ, ತಾನು ಬರೆದದ್ದನ್ನು ಓದಿ ಅವರು ಪಂಪು ಜೋಡಿಸುವುದನ್ನು ದೂರ ನಿಂತು ನೋಡುತ್ತಿದ್ದರಂತೆ. ಜನ ಎಲ್ಲಿ ತಡವರಿಸುತ್ತಾರೋ ಅಲ್ಲಿ ಸಾಲು ತಿದ್ದುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಈ ಕಂಪನಿಗೆ ಬಂದರು. ಯಂತ್ರಕ್ಕೆ ಬರೆಯುವುದು ಸುಲಭ ಅಂದುಕೊಂಡಿದ್ದೆ, ಅದು ಎದುರು ಮಾತಾಡುವುದಿಲ್ಲವಲ್ಲ ಎಂದು ಹೇಳುವಾಗ ಮಾತ್ರ ಸಣ್ಣಗೆ ನಕ್ಕರು.

ಗಂಡ ಶಾಲೆಯೊಂದರ ಬಸ್ಸು ಓಡಿಸುತ್ತಿದ್ದರು. ಒಂದು ದಿನ ಮಕ್ಕಳನ್ನೆಲ್ಲ ಇಳಿಸಿ, ಬಸ್ಸನ್ನು ಶೆಡ್ಡಿಗೆ ಸೇರಿಸಿ, ಕೆಳಗಿಳಿಯಲು ಹೋದಾಗ ಎಡಗಾಲು ಕೇಳಲಿಲ್ಲ. ಪಾರ್ಶ್ವವಾಯು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಆ ದಿನಗಳಲ್ಲಿ ಬಾಯಾರಿದರೂ ನೀರು ಎಂದು ಕೇಳಲು ನಾಲಗೆ ಹೊರಳುತ್ತಿರಲಿಲ್ಲ. ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ, ನಿಧಾನಕ್ಕೆ ಮಾತಾಡುತ್ತಾರೆ, ಮುದುಡಿದ ಎಡಗೈ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿವೆ. ಅದಕ್ಕೆ ಕಾರಣ ಮನೆಗೇ ಬಂದು ವ್ಯಾಯಾಮ ಮಾಡಿಸುವ ಥೆರಪಿಸ್ಟ್. ಅವರನ್ನು ಕಳಿಸುವುದು ಕೈಪಿಡಿ ಅಕ್ಕನ ಕಂಪನಿಯ ವಿಮೆ. ಇವರ ಕೆಲಸ ಹೋದರೆ ಅದೂ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಆಚೀಚೆ ನೋಡಲು ಇನ್ನೊಬ್ಬರಿಲ್ಲ.

ಇವರ ಕಂಪನಿಯಲ್ಲಿ ಒಂದು ನಿಯಮವಿದೆ. ವಿವರಣೆ ಬರೆದಾದ ಮೇಲೆ, ಆ ಟೂಲನ್ನು ಎಂದೂ ನೋಡದ ಹೊರಗಿನವರೊಬ್ಬರ ಕೈಗೆ ಅದನ್ನು ಕೊಟ್ಟು, ಅದರಲ್ಲಿರುವಂತೆ ಮಾಡಿ ತೋರಿಸಲು ಹೇಳಬೇಕು. ಅವರು ತಪ್ಪಿದರೆ ಯಂತ್ರವೂ ತಪ್ಪುತ್ತದೆ ಎಂದು ಲೆಕ್ಕ. ಉಳಿದವರು ಕ್ಯಾಂಟೀನಿನವರನ್ನೋ ಗೇಟಿನ ಕಾವಲಿನವರನ್ನೋ ಹಿಡಿದು ತಂದು ಶಾಸ್ತ್ರ ಮುಗಿಸುತ್ತಾರೆ. ಕೈಪಿಡಿ ಅಕ್ಕ ಹಾಗೆ ಮಾಡುವವರಲ್ಲ. ವಿವರಣೆಯನ್ನೂ ಒಂದಷ್ಟು ಟಿಪ್ಪಣಿಗಳನ್ನೂ ಅಚ್ಚು ಹಾಕಿಸಿ ಮನೆಗೆ ತರುತ್ತಿದ್ದರು. ಗಂಡ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. “ರೀ, ಈಗಿಂದ ನೀವು ಯಂತ್ರ” ಎಂದರೆ ಸಾಕು, ಮೂಗಿನಲ್ಲಿ ದನಿ ಹೊರಡಿಸಿ ‘ಅಪ್ಪಣೆಯಾಗಲಿ’ ಎನ್ನುತ್ತಿದ್ದರಂತೆ.

ಆ ಮನುಷ್ಯ ಚೆನ್ನಾಗಿಯೇ ಯಂತ್ರವಾಗುತ್ತಿದ್ದರು. ‘ಕೊನೆಯ ಟಿಪ್ಪಣಿ ತೆರೆಯಬೇಕು’ ಎಂದು ಬರೆದಿದ್ದಾಗ, ಕೊನೆಯದು ಎಂದರೆ ಈಗಷ್ಟೇ ಬರೆದದ್ದೋ ಕಟ್ಟಿನ ಅಡಿಯಲ್ಲಿರುವುದೋ ಎಂದು ತಡೆದವರು ಅವರು. ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ತಾನು ಯಾವುದಕ್ಕೂ ಬಾರದವನಾದೆ ಎಂದು ಕೊರಗುತ್ತಿದ್ದವರಿಗೆ ಇದು ದೊಡ್ಡ ಆಸರೆಯಾಯಿತು. ಹೆಂಡತಿ ಮನೆಗೆ ಬಂದ ಕೂಡಲೇ ಚೀಲದ ಕಡೆ ನೋಡುತ್ತಿದ್ದರಂತೆ, ಇವತ್ತು ಏನು ತಂದಿದ್ದಾಳೆ ಎಂದು.

ಟಿಪ್ಪಣಿಯಿಂದ ಕೆಲಸ ಹೆಕ್ಕುವ ಟೂಲಿನ ವಿವರಣೆಯನ್ನೂ ಇವರು ಹೀಗೆಯೇ ಪರೀಕ್ಷಿಸಿದರು. ಅದು ಆರೈಕೆ ಮನೆಗಳಿಗಾಗಿ ಮಾಡಿದ್ದು. ವಿವರಣೆಯಲ್ಲಿ ಇವರು ಬರೆದದ್ದು ಇಷ್ಟು: ‘ಈ ಟೂಲ್ ಟಿಪ್ಪಣಿಯಲ್ಲಿರುವ, ಇನ್ನೂ ಮಾಡಬೇಕಾದ ಕೆಲಸಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡುತ್ತದೆ. ಪಟ್ಟಿ ಖಾಲಿ ಬಂದರೆ ಬಾಕಿ ಕೆಲಸ ಇಲ್ಲ ಎಂದು ತಿಳಿಸಬೇಕು.’ ಗಂಡನ ಮುಂದಿಟ್ಟ ಟಿಪ್ಪಣಿಗಳಲ್ಲಿ ‘ಅಜ್ಜ ಮಾತ್ರೆ ನುಂಗಿಲ್ಲ’ ಎಂದು ಒಂದಿತ್ತು. ಅವರು ತಕ್ಷಣ ‘ಮಾತ್ರೆ ಕೊಡಬೇಕು’ ಎಂದು ಪಟ್ಟಿಗೆ ಬರೆದರು. ‘ಅಮ್ಮ ನೀರು ಕುಡಿದಿಲ್ಲ’ ಎಂಬುದಕ್ಕೆ ‘ನೀರು ಕುಡಿಸಬೇಕು, ಡಾಕ್ಟರಿಗೆ ಹೇಳಬೇಕು’ ಎಂದು ಬರೆದರು. ಒಂದನ್ನೂ ಬಿಡಲಿಲ್ಲ. ಕೈಪಿಡಿ ಅಕ್ಕ ತೃಪ್ತಿಯಿಂದ ಸಹಿ ಹಾಕಿ ಕೊಟ್ಟರು.

ಟೂಲ್ ಮಾಡಿದವರೂ ತಮ್ಮ ಪರೀಕ್ಷೆ ಮಾಡಿದ್ದರು. ಆದರೆ ಅವರ ಟಿಪ್ಪಣಿಗಳನ್ನು ಅವರೇ ಬರೆದುಕೊಂಡಿದ್ದರು, ಎಲ್ಲವೂ ‘ಸಂಜೆ ಮಾತ್ರೆ ಕೊಡಬೇಕು’, ‘ಹೊದಿಕೆ ಬದಲಾಯಿಸಬೇಕು’ ಎಂಬ ಧಾಟಿಯವು. ಟೂಲಿಗೆ ಅಂಥವು ಮಾತ್ರ ಕೆಲಸವಾಗಿ ಕಾಣುತ್ತಿದ್ದವು. ಏನು ಮಾಡಬೇಕು ಎಂದು ಹೇಳದೆ ಏನಾಗಿದೆ ಎಂದಷ್ಟೇ ಹೇಳಿದ ಮಾತನ್ನು ಅದು ದಾಟಿಕೊಂಡು ಹೋಗುತ್ತಿತ್ತು. ರಾತ್ರಿಯೆಲ್ಲಾ ದುಡಿದು ಸುಸ್ತಾದ ಆಯಾ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುತ್ತಾ ನಿಲ್ಲುವುದಿಲ್ಲ. ಇರುವುದನ್ನು ಹೇಳಿ ಚಪ್ಪಲಿ ಮೆಟ್ಟುತ್ತಾಳೆ. ಕೇಳಿದವರಿಗೆ ಅರ್ಥವಾಗುತ್ತದೆ ಎಂಬ ನಂಬಿಕೆ ಅವಳದು, ಅಷ್ಟು ವರ್ಷ ಅರ್ಥವಾಗುತ್ತಲೂ ಇತ್ತು.

ಇದೇ ಆರೈಕೆ ಮನೆಯ ಏಳನೇ ಕೋಣೆಯಲ್ಲಿ ಒಬ್ಬ ಅಮ್ಮ ಇದ್ದರು. ಮೊದಲು ದರ್ಜಿಯಾಗಿದ್ದವರು, ಆಯಾಗಳ ಏಪ್ರನ್ ಹರಿದರೆ ಕರೆದು ಹೊಲಿದುಕೊಡುತ್ತಿದ್ದರಂತೆ. ಬೇಸಿಗೆಯ ಒಂದು ವಾರ ಅವರಿಗೆ ಸಣ್ಣಗೆ ಜ್ವರ ಬಂತು. ಒಂದು ಪಾಳಿಯ ಟಿಪ್ಪಣಿಯಲ್ಲಿ ಲೋಟದ ನೀರು ಹಾಗೇ ಇದೆ ಎಂದಿತ್ತು. ಮುಂದಿನದರಲ್ಲಿ ಇವತ್ತೂ ನೀರು ಮುಟ್ಟಿಲ್ಲ ಎಂದಿತ್ತು. ಅದರ ಮುಂದಿನದರಲ್ಲಿ ಮಾತು ಕಮ್ಮಿಯಾಗಿದೆ ಎಂದಿತ್ತು. ಪ್ರತಿ ಸಲವೂ ಏಜೆಂಟ್ ಟೂಲಿಗೆ ಕೇಳಿತು, ಟೂಲ್ ಖಾಲಿ ಪಟ್ಟಿ ಕೊಟ್ಟಿತು, ಏಜೆಂಟ್ ಕೈಪಿಡಿ ಅಕ್ಕನ ಸಾಲು ಓದಿ ಏಳನೇ ಕೋಣೆಯ ಎದುರು ‘ಬಾಕಿ ಕೆಲಸ ಇಲ್ಲ’ ಎಂದು ಹಸಿರಿನಲ್ಲಿ ಬರೆಯಿತು. ಬಂದ ಆಯಾ ಬೇರೆ, ಹೋದ ಆಯಾ ಬೇರೆ. ಪಟ್ಟಿ ಬಂದ ಮೇಲೆ ಟಿಪ್ಪಣಿ ಓದುವುದು ಎಲ್ಲರಿಗೂ ತಪ್ಪಿಹೋಗಿತ್ತು, ಓದಬೇಕಾಗಿಲ್ಲ ಎಂದೇ ಹೇಳಿಕೊಟ್ಟಿದ್ದರು. ಆ ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು.

ಆರೈಕೆ ಮನೆಯವರು ವಿಚಾರಣೆ ಮಾಡಿದರು. ನೀರು ಕುಡಿಯುತ್ತಿಲ್ಲ ಎಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿತ್ತು, ಕೊನೆಯ ಹಗಲು ಪಾಳಿಯ ಆಯಾ ಅದನ್ನು ಓದದೆ ನಿರ್ಲಕ್ಷ್ಯ ಮಾಡಿದ್ದಾಳೆ ಎಂದು ಬರೆದರು. ಅವಳನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಂಡರು. ಓದಬೇಡ ಎಂದು ಕಲಿಸಿದವರೇ ಓದಲಿಲ್ಲ ಎಂದು ಶಿಕ್ಷೆ ಕೊಟ್ಟದ್ದನ್ನು ಕೇಳಿ ನನಗೆ ಮೈ ಉರಿಯಿತು. ಪರದೆಯಲ್ಲಿ ಏನು ಬಂದಿತ್ತು ಎಂದು ಯಾರೂ ಕೇಳಲಿಲ್ಲ. ಅದನ್ನು ಬರೆದವರು ಒಬ್ಬರು ಇರುತ್ತಾರೆ ಎಂದು ಯಾರ ತಲೆಗೂ ಹೋಗಲಿಲ್ಲ. ಕಂಪನಿಗೆ ಒಂದು ಔಪಚಾರಿಕ ಪತ್ರ ಬಂತು, ಅದರ ಪ್ರತಿ ಹೇಗೋ ಕೈಪಿಡಿ ಅಕ್ಕನ ಮೇಜಿಗೂ ಬಂತು. ಮೂರು ಪಾಳಿಯ ಟಿಪ್ಪಣಿಗಳನ್ನು ಅದಕ್ಕೆ ಲಗತ್ತಿಸಿದ್ದರು. “ಮೊದಲ್ನೇದು ಓದ್ತಿದ್ದ ಹಾಗೇ ನನಗೆ ಗೊತ್ತಾಯ್ತು” ಎಂದರು.

ಅವತ್ತು ಸಂಜೆ ಅವರು ಗಂಡನಿಗೆ ಏನೂ ಹೇಳಲಿಲ್ಲ. ಅದೇ ವಿವರಣೆ, ಅದೇ ಟಿಪ್ಪಣಿಗಳನ್ನು ಮತ್ತೆ ಮುಂದಿಟ್ಟು, ಇನ್ನೊಮ್ಮೆ ಮಾಡಿ ಎಂದರು. ಅವರು ಮೊದಲಿನಂತೆಯೇ ‘ನೀರು ಕುಡಿಸಬೇಕು’ ಎಂದು ಬರೆದರು. ಎಲ್ಲಿದೆ ಅದು, ತೋರಿಸಿ ಎಂದು ಇವರು ಕೇಳಿದರು. ಅವರು ಕಾಗದದ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಎಲ್ಲೂ ಇರಲಿಲ್ಲ.

ನಾನು ಮನೆಗೆ ಹೋದಾಗ ಅವರು ಅದೇ ಕಿಟಕಿಯ ಹತ್ತಿರ ಕೂತಿದ್ದರು. ಎತ್ತರದ ಆಳು, ಈಗ ಒಂದು ಕಡೆ ಜಗ್ಗಿದ್ದಾರೆ. ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರು ಮಾಡಿದರು, ಆದರೆ ಅದು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. “ನಾನು ಓದ್ಲೇ ಇಲ್ಲ ಸರ್. ಇವಳು ಹೇಳ್ತಿದ್ದಾಳೆ ಅಂತ ಕೇಳಿಸ್ಕೊಂಡೆ.” ಸ್ವಲ್ಪ ಸುಧಾರಿಸಿಕೊಂಡು, ಇಷ್ಟು ವರ್ಷದ ಸಂಸಾರದಲ್ಲಿ ಇವಳು ಅರ್ಧ ಹೇಳಿದರೆ ಉಳಿದರ್ಧ ತನಗೆ ತಿಳಿಯುತ್ತದೆ, ಅದೇ ಮುಳುವಾಯಿತು ಎಂಬರ್ಥದಲ್ಲಿ ಏನೋ ಹೇಳಿದರು. ಮಾತು ತೊದಲಿತು. ಕೈಪಿಡಿ ಅಕ್ಕ ಮಧ್ಯೆ ಬಾಯಿ ಹಾಕಿ ಅವರ ಮಾತನ್ನು ಪೂರ್ತಿ ಮಾಡಬಹುದಿತ್ತು, ಮಾಡಲಿಲ್ಲ. ಆ ಸಂಜೆಯ ನಂತರ ಅವರು ಯಂತ್ರವಾಗಲು ಒಪ್ಪಿಲ್ಲ. ಚೀಲದ ಕಡೆ ನೋಡುವುದನ್ನೂ ಬಿಟ್ಟಿದ್ದಾರೆ.

ಹಾಸಿಗೆಯಲ್ಲಿ ಬಿದ್ದು ಬಾಯಾರಿದವರಿಗೆ ‘ನೀರು ಕುಡಿದಿಲ್ಲ’ ಎಂಬುದು ಬರೀ ಸಮಾಚಾರವಲ್ಲ. ಪರೀಕ್ಷೆಗೆ ತೀರಾ ತಕ್ಕವರು ಎಂದುಕೊಂಡು ಗಂಡನನ್ನು ಕೂರಿಸಿದೆ, ಅವರಷ್ಟು ತಕ್ಕವರಲ್ಲದವರು ಇನ್ನೊಬ್ಬರಿರಲಿಲ್ಲ ಎಂದು ಕೈಪಿಡಿ ಅಕ್ಕ ಹೇಳುತ್ತಾರೆ. ಗೇಟಿನ ಕಾವಲಿನವರಿಗೆ ಕೊಟ್ಟಿದ್ದರೆ ಅವರು ಬೇಸರದಿಂದ ಎರಡು ಸಾಲು ಓದಿ, ಇದರಲ್ಲಿ ಕೆಲಸ ಏನೂ ಇಲ್ಲವಲ್ಲ ಮೇಡಂ ಎಂದು ವಾಪಸ್ ಕೊಡುತ್ತಿದ್ದರು. ಆಗ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಶ್ರದ್ಧೆಯಿಂದ ಮಾಡಿದ್ದೇ ಹೀಗಾಯಿತು ಎಂಬುದು ಅವರಿಗೆ ನುಂಗಲಾರದ ತುತ್ತು.

ಮರುದಿನವೇ ಅವರು ಹೊಸ ಸಾಲು ಬರೆದು ಮೇಲಧಿಕಾರಿಯ ಮುಂದಿಟ್ಟರು. ಪಟ್ಟಿ ಖಾಲಿ ಬಂದರೆ ಕೆಲಸ ಇಲ್ಲವೆಂದು ಹೇಳಬಾರದು, ಟಿಪ್ಪಣಿಯನ್ನು ಇದ್ದಂತೆಯೇ ತೋರಿಸಿ ಪೂರ್ತಿ ಓದಲು ಹೇಳಬೇಕು ಎಂಬುದು ಅದರ ಸಾರ. ಮೇಲಧಿಕಾರಿ ಕೆಟ್ಟವರಲ್ಲ, ಕೈಪಿಡಿ ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಅಕ್ಕ ಅಂತಲೇ ಕರೆಯುವವರು. ಸಾಲು ಚೆನ್ನಾಗಿದೆ ಎಂದರು. ಆದರೆ ಈಗ ಬದಲಾಯಿಸಿದರೆ ಹಳೆಯದು ತಪ್ಪಾಗಿತ್ತು ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ, ವಕೀಲರು ಬೇಡ ಎನ್ನುತ್ತಾರೆ, ಗಲಾಟೆ ತಣ್ಣಗಾಗಲಿ ಎಂದರು. ಬೇಸಿಗೆ ಮುಗಿದು, ಮಳೆ ಮುಗಿದು, ಚಳಿ ಶುರುವಾಗಿದೆ. ಹೊಸ ಸಾಲು ಪರಿಶೀಲನೆಯಲ್ಲೇ ಇದೆ, ಹಳೆಯ ಸಾಲು ಹತ್ತಾರು ಆರೈಕೆ ಮನೆಗಳಲ್ಲಿ ಓಡುತ್ತಲೇ ಇದೆ. ಹಾಗಾಗಿ ಇವರು ಆಫೀಸಿಗೆ ಹೋಗುವ ಮೊದಲು ಇಲ್ಲಿಗೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಒಂದು ಮನೆಯನ್ನು ಕಾಯಬಹುದು. ಉಳಿದ ಮನೆಗಳ ಹಿಂಬಾಗಿಲಲ್ಲಿ ಯಾರೂ ಕೂತಿಲ್ಲ ಎಂಬುದು ಅವರಿಗೆ ಗೊತ್ತು.

ಕೆಲಸ ಕಳೆದುಕೊಂಡ ಆಯಾಳನ್ನು ಇವರು ಹುಡುಕಿಕೊಂಡು ಹೋಗಿದ್ದಾರೆ. ಅವಳೀಗ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಾಳೆ. ಬೇರೆ ಆರೈಕೆ ಮನೆಗಳಲ್ಲಿ ಕೆಲಸ ಕೇಳಿದರೆ ಹಿಂದಿನದನ್ನು ಏಕೆ ಬಿಟ್ಟೆ ಎಂದು ವಿಚಾರಿಸುತ್ತಾರೆ, ವಿಚಾರಿಸಿದವರು ತಿರುಗಿ ಕರೆಯುವುದಿಲ್ಲ. ಎರಡನೇ ಸಲ ಹೋಗುವಾಗ ಕೈಪಿಡಿ ಅಕ್ಕ ನನ್ನನ್ನೂ ಕರೆದುಕೊಂಡು ಹೋದರು. ಕ್ಯಾಂಟೀನಿನ ಹಿಂದೆ, ನೀರು ನಿಂತ ಸಿಮೆಂಟು ಕಟ್ಟೆಯ ಹತ್ತಿರ ಮೂವರೂ ನಿಂತೆವು. ಮೂವತ್ತರ ಹೆಂಗಸು, ಕೈ ಮೊಣಕೈವರೆಗೆ ನೆನೆದು ಬಿಳಿಚಿತ್ತು.

ಆ ಸಾಲು ಬರೆದದ್ದು ನಾನು ಎಂದು ಕೈಪಿಡಿ ಅಕ್ಕ ಮೊದಲ ಸಲವೇ ಹೇಳಿದ್ದರಂತೆ. ಬೈಯುತ್ತಾಳೆ ಎಂದು ತಯಾರಾಗಿ ಹೋಗಿದ್ದರಂತೆ, ಅವಳು ತಟ್ಟೆ ತೊಳೆಯುತ್ತಲೇ ಇದ್ದಳಂತೆ. ಈ ಸಲ ಮಾತಾಡಿದಳು, ಅದೂ ನನ್ನ ಕಡೆ ತಿರುಗಿ. “ಅವತ್ತು ನಂಗೆ ಹನ್ನೊಂದು ಕೋಣೆ ಇತ್ತು ಸರ್. ಎಲ್ಲಾದ್ರಲ್ಲೂ ಒಂದಲ್ಲ ಒಂದು ಕೆಲಸ. ಏಳನೇದು ಒಂದು ಖಾಲಿ ಅಂತ ಬಂತು. ಖುಷಿಯಾಯ್ತು ನಂಗೆ.” ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಪಿಡಿ ಅಕ್ಕ ಅವಳ ಒದ್ದೆ ಕೈ ಹಿಡಿದುಕೊಂಡರು, ಅವಳು ಬಿಡಿಸಿಕೊಳ್ಳಲಿಲ್ಲ. ನನಗೆ ಅಲ್ಲಿ ನಿಂತಿರಲು ಆಗಲಿಲ್ಲ, ಕ್ಯಾಂಟೀನಿನ ಮುಂಭಾಗಕ್ಕೆ ಬಂದು ಕಾದೆ. ತೀರಿಕೊಂಡ ಅಮ್ಮ ಹೊಲಿದುಕೊಟ್ಟ ಏಪ್ರನ್ ಇನ್ನೂ ಅವಳ ಹತ್ತಿರ ಇದೆಯಂತೆ.

ಈಗ ವಿಷಯ ಇನ್ನೊಂದು ಹಂತಕ್ಕೆ ಬಂದಿದೆ. ತೀರಿಕೊಂಡವರ ಮಗಳು ಆರೈಕೆ ಮನೆಯ ವರದಿಯನ್ನು ಒಪ್ಪದೆ ದೂರು ಕೊಟ್ಟಿದ್ದಾರೆ. ಇಷ್ಟು ಜನರಲ್ಲಿ ಒಬ್ಬ ಆಯಾಳದ್ದು ಮಾತ್ರ ಹೇಗೆ ತಪ್ಪು, ಉಳಿದ ಎರಡು ಪಾಳಿಯವರು ಏಕೆ ನೋಡಲಿಲ್ಲ ಎಂಬುದು ಅವರ ಪ್ರಶ್ನೆ. ಹೊಸದಾಗಿ ವಿಚಾರಣಾ ಸಮಿತಿ ಕೂತಿದೆ. ಕಂಪನಿಯಿಂದಲೂ ಹೇಳಿಕೆ ಕೇಳಿದ್ದಾರೆ. ಮೇಲಧಿಕಾರಿ ಕೈಪಿಡಿ ಅಕ್ಕನ ಮುಂದೆ ಒಂದು ಕಾಗದ ಇಟ್ಟಿದ್ದಾರೆ. ವಿವರಣೆಯನ್ನು ನಿಯಮದ ಪ್ರಕಾರ ಹೊರಗಿನವರಿಂದ ಪರೀಕ್ಷೆ ಮಾಡಿಸಲಾಗಿದೆ ಎಂದು ಅದರಲ್ಲಿದೆ, ಸಹಿ ಹಾಕಿದರೆ ಸಾಕು. ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಗಂಡ ಕಂಪನಿಗೆ ಹೊರಗಿನವರೇ ತಾನೇ?

ಅವರು ಸಹಿ ಹಾಕಿಲ್ಲ. ಬದಲಿಗೆ ತಾವೇ ಒಂದು ಹೇಳಿಕೆ ಬರೆದಿದ್ದಾರೆ. ಟೂಲ್ ಏನು ಮಾಡುತ್ತದೆ, ತಾವು ಏನೆಂದು ಬರೆದರು, ಯಾರಿಂದ ಪರೀಕ್ಷೆ ಮಾಡಿಸಿದರು, ಅದು ಏಕೆ ಪರೀಕ್ಷೆಯೇ ಆಗಲಿಲ್ಲ, ಹೊಸ ಸಾಲು ಎಲ್ಲಿ ಕೂತಿದೆ ಎಂಬುದೆಲ್ಲ ಅದರಲ್ಲಿದೆ. ಕೊಟ್ಟರೆ ಕೆಲಸ ಉಳಿಯುವುದಿಲ್ಲ ಎಂದು ಮೇಲಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ, ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತಂತೆ. ಗಂಡನ ಎಡಗೈಯ ಎರಡು ಬೆರಳು ಇನ್ನೂ ಮುದುಡಿಕೊಂಡೇ ಇವೆ. ಥೆರಪಿ ನಿಂತರೆ ಬಿಡಿಸಿಕೊಂಡ ಬೆರಳುಗಳೂ ಮತ್ತೆ ಮುದುಡಬಹುದು ಎಂದು ಥೆರಪಿಸ್ಟ್ ಎಚ್ಚರಿಸಿದ್ದಾರೆ. ಗಂಡನನ್ನೇ ಕೇಳಿದೆ. ಹೇಳಿಕೆ ಓದಿದ್ದೇನೆ, ಈ ಸಲ ಅದರಲ್ಲಿ ಇದ್ದದ್ದಷ್ಟನ್ನೇ ಓದಿದ್ದೇನೆ, ಕೊಡಲಿ ಎಂದರು.

ಕೊಡಲು ಹೋದವರು ಅದನ್ನು ವಾಪಸ್ ತಂದದ್ದೂ ಉಂಟು. ಹೆದರಿಕೆಯಿಂದಲ್ಲ. ಸಮಿತಿಯ ಕಚೇರಿಯಲ್ಲಿ ಕಾಗದಗಳನ್ನು ತೆಗೆದುಕೊಳ್ಳುವ ಗುಮಾಸ್ತರು ಮಾತುಗಾರರು. ಹೇಳಿಕೆಗಳು ರಾಶಿ ಬಿದ್ದಿವೆ, ಸದಸ್ಯರಿಗೆ ಅಷ್ಟೆಲ್ಲ ಓದಲು ಪುರುಸೊತ್ತೆಲ್ಲಿ, ಈಗ ಎಐ ಬಂದು ಬಚಾವಾದೆವು ಎಂದು ಖುಷಿಯಿಂದ ಹೇಳಿದರಂತೆ. ಹೇಳಿಕೆಯನ್ನು ಅದಕ್ಕೆ ಕೊಟ್ಟರೆ ಸಮಿತಿ ಏನೇನು ಮಾಡಬೇಕು ಎಂದು ಅದೇ ಪಟ್ಟಿ ಮಾಡಿ ಕೊಡುತ್ತದಂತೆ, ಸದಸ್ಯರು ಪಟ್ಟಿ ನೋಡಿದರೆ ಆಯಿತಂತೆ. ಕೈಪಿಡಿ ಅಕ್ಕ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಕಚೇರಿಯ ಮೆಟ್ಟಿಲ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಓದಿ ನೋಡಿದರು. ಏನಾಯಿತು ಎಂಬುದು ಪೂರ್ತಿ ಇತ್ತು. ಏನು ಮಾಡಿ ಎಂಬುದು ಒಂದೂ ಇರಲಿಲ್ಲ.

ಬೆಂಚಿನ ಮೇಲೆ ಕೂತು ಅದನ್ನು ನನಗೆ ತೋರಿಸಿದರು. ನಾಳೆ ಮತ್ತೆ ತೆಗೆದುಕೊಂಡು ಹೋಗುತ್ತಾರೆ. ಕೊನೆಯಲ್ಲಿ ಎರಡು ಸಾಲು ಹೊಸದಾಗಿ ಸೇರಿವೆ. ‘ಕೆಲಸದಿಂದ ತೆಗೆದ ಆಯಾಳನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು. ಬಾಕಿ ಕೆಲಸ ಇಲ್ಲ ಎಂಬ ಸಾಲನ್ನು ಎಲ್ಲಾ ಆರೈಕೆ ಮನೆಗಳಿಂದ ಇವತ್ತೇ ತೆಗೆಸಬೇಕು.’ ಇಷ್ಟಾದರೆ ಆಗುತ್ತದೆಯೇ ಎಂದು ಕೇಳಿದೆ.

“ಮನುಷ್ಯರು ಓದಿದ್ರೆ ಮೊದಲಿಂದ ಓದ್ಲಿ” ಎಂದರು ಕೈಪಿಡಿ ಅಕ್ಕ. “ಯಂತ್ರಕ್ಕೇ ಕೊಟ್ರೂ ಈ ಎರಡು ಪಟ್ಟಿಗೆ ಬಂದೇ ಬರುತ್ತೆ. ಅಷ್ಟು ಬರೆಯೋಕೆ ನನಗೆ ಬರುತ್ತೆ.”